20 ಪುಟಕ್ಕೆ ತಿಂಗಳಿಡೀ ಕಾಯಬೇಕೇ?

ಅಮೆರಿಕದ ಸೂಪರ್‌ಹೀರೋ ಮತ್ತು ಫ್ಯಾಂಟಸಿ ಕಾಮಿಕ್ಸ್‌ಗಳ ಹೊಸ ಸಂಚಿಕೆಗಳನ್ನು ಎಷ್ಟೋ ವರ್ಷಗಳಿಂದ ಬಿಡದೆ ಓದುತ್ತಿದ್ದೇನೆ. ನನ್ನ ತಕರಾರು ಒಂದೇ. ಬಹುಪಾಲು ಸೂಪರ್‌ಹೀರೋ ಸಂಚಿಕೆಗಳನ್ನು ಬಿಡಿಯಾಗಿ ಓದಿದರೆ ಈಗ ಏನೂ ದಕ್ಕುವುದಿಲ್ಲ.

ಸಾಮಾನ್ಯವಾಗಿ ತಿಂಗಳಿಗೊಂದು ಸಂಚಿಕೆ, ಅದರಲ್ಲಿ ಕಥೆಗೆ 20 ಪುಟ. 1962ರಲ್ಲಿ ಸ್ಪೈಡರ್‌ಮ್ಯಾನ್ ಮೊದಲು ಕಾಣಿಸಿಕೊಂಡಾಗ ಅವನಿಗೆ ಸಿಕ್ಕಿದ್ದು ಬರೀ 11 ಪುಟ. ಜೇಡ ಕಚ್ಚಿದ್ದು, ಶಕ್ತಿ ಬಂದದ್ದು, ಸೊಕ್ಕು ಏರಿದ್ದು, ಸಾಕಿದ ಅಂಕಲ್ ಬೆನ್ ಸತ್ತದ್ದು, ಕೊಂದವನು ತಾನೇ ಹೋಗಗೊಟ್ಟ ಕಳ್ಳ ಎಂದು ತಿಳಿದದ್ದು, ಎಲ್ಲ ಅಷ್ಟರಲ್ಲೇ. ಈಗ 20 ಪುಟ ತಿರುವಿದರೂ ಇಬ್ಬರು ಹೀರೋಗಳು ಕಟ್ಟಡದ ತುದಿಯಲ್ಲಿ ನಿಂತು ಆಡುವ ಮಾತೇ ಮುಗಿಯುವುದಿಲ್ಲ. ಐದಾರು ಸಂಚಿಕೆ ಕೂಡಿಸಿ ಪುಸ್ತಕ ತರುವ ಲೆಕ್ಕದಲ್ಲೇ ಕಥೆ ಹೆಣೆದಿರುತ್ತಾರೆ. ಸಾಲದ್ದಕ್ಕೆ ಕ್ರಾಸ್‌ಓವರ್! ಕಥೆ ಕಾವೇರುವ ಹೊತ್ತಿಗೆ ಹೀರೋ ಇನ್ನಾವುದೋ ಸರಣಿಯ ಯುದ್ಧಕ್ಕೆ ಹೊರಟುಬಿಡುತ್ತಾನೆ. ಅವನ ಹಿಂದೆ ಹೋಗಬೇಕೆಂದರೆ ಆ ಸರಣಿಯನ್ನೂ ಕೊಳ್ಳಬೇಕು. ಕಾಮಿಕ್ಸ್‌ಗೆಂದು ನಾನು ಎತ್ತಿಡುವ ದುಡ್ಡು ಇದಕ್ಕೆ ಸಾಲುವುದಿಲ್ಲ.

ಆದರೂ ಹೊಸ ಸಂಚಿಕೆ ಕೈಗೆ ಬಂದ ರಾತ್ರಿಯ ಖುಷಿಯೇ ಬೇರೆ. ಮೊದಲ ಸಲ ಮಾತುಗಳನ್ನು ಓದುವುದೇ ಇಲ್ಲ, ಚಿತ್ರಗಳನ್ನಷ್ಟೇ ನೋಡುತ್ತಾ ಹೋಗುತ್ತೇನೆ. ಒಳ್ಳೆಯ ಕಲಾವಿದರ ಕೈಯಲ್ಲಿ ಅರ್ಧ ಕಥೆ ಆಗಲೇ ತಿಳಿದಿರುತ್ತದೆ. ಎರಡನೇ ಸಲ ಮಾತಿನ ಸಮೇತ, ನಿಧಾನವಾಗಿ.

ಈ ಓದಿಗೆ ಫ್ಯಾಂಟಸಿ ಸಂಚಿಕೆಗಳು ಈಗಲೂ ಮೋಸ ಮಾಡಿಲ್ಲ. ಈಚೆಗೆ ಓದಿದ ಒಂದರಲ್ಲಿ, ಬಲಪುಟದ ಕೊನೆಯ ಚೌಕದಲ್ಲಿ ಹುಡುಗಿಯೊಬ್ಬಳು ತಲೆಯೆತ್ತಿ ನೋಡುತ್ತಾಳೆ, ಅವಳ ಮುಖದ ಮೇಲೆ ನೆರಳು ಬಿದ್ದಿದೆ. ಪುಟ ತಿರುವಿದರೆ ಎರಡು ಪುಟದುದ್ದಕ್ಕೂ ಡ್ರ್ಯಾಗನ್, ಒಂದೂ ಮಾತಿಲ್ಲ. ಅದನ್ನೇ ಫೋನಿನಲ್ಲಿ ಚೌಕ ಚೌಕವಾಗಿ ನೋಡಿದೆ: ಮೊದಲು ತಲೆ, ಆಮೇಲೆ ರೆಕ್ಕೆ, ಆಮೇಲೆ ಬಾಲ. ಬೆಚ್ಚಿಬೀಳಿಸಬೇಕಾದ ಜಾಗ ಚಪ್ಪೆಯಾಗಿತ್ತು. ಫೋನಿನಲ್ಲೇ ಓದುವವರು ದಯವಿಟ್ಟು ಇಂಥ ಕಡೆ ಫೋನನ್ನು ಅಡ್ಡ ಹಿಡಿದು ಎರಡೂ ಪುಟವನ್ನು ಒಟ್ಟಿಗೆ ನೋಡಿ.

ಕಾಯುವುದನ್ನೂ ಕಥೆಯೊಳಗೆ ತಂದವರಿದ್ದಾರೆ. ‘ಸಾಗಾ’ ಎಂಬ ಫ್ಯಾಂಟಸಿ ಸರಣಿ 2018ರಲ್ಲಿ 54ನೇ ಸಂಚಿಕೆಗೆ ನಿಂತು 2022ರ ಜನವರಿಯಲ್ಲಿ ಮತ್ತೆ ಶುರುವಾದಾಗ ಕಥೆಯಲ್ಲೂ ಮೂರು ವರ್ಷ ಸರಿದಿತ್ತು. ಹೆಚ್ಚೂಕಡಿಮೆ ನಾವು ಕಾದಷ್ಟೇ ಕಾಲ ಕಥೆ ಹೇಳುವ ಹೇಜಲ್ ಎಂಬ ಮಗುವೂ ಬೆಳೆದಿತ್ತು. ಆ ಸಂಚಿಕೆ ತೆರೆದಾಗ ಗಂಟಲು ಕಟ್ಟಿತು.

ಹೀಗಾಗಿ ಸೂಪರ್‌ಹೀರೋಗಳನ್ನು ಪುಸ್ತಕವಾಗಿ ಬಂದ ಮೇಲೆಯೇ ಕೊಳ್ಳುವುದೆಂದು ತೀರ್ಮಾನಿಸಿದ್ದೇನೆ. ತಿಂಗಳ ದುಡ್ಡು ಫ್ಯಾಂಟಸಿಗೆ. ಒಂದೇ ಸಂಚಿಕೆಯಲ್ಲಿ ಕಥೆ ಮುಗಿಸುವ ಸೂಪರ್‌ಹೀರೋ ಸರಣಿ ಇದ್ದರೆ ಹೇಳಿ, ಅದಕ್ಕೆ ಖಂಡಿತ ಜಾಗ ಮಾಡುತ್ತೇನೆ.