ಬನ್ನೂರು ದಾರಿಯೋ, ಮೇಲುಕೋಟೆ ದಾರಿಯೋ?

ಮೂರು ದಿನ ರಜೆ ಸಿಕ್ಕರೆ ಮೈಸೂರಿನಲ್ಲಿ ಇದೇ ಚರ್ಚೆ. ಮಳೆಗಾಲವಾದರೆ ನನ್ನ ಓಟು ಬನ್ನೂರು ಕಡೆಗೆ.

ಬನ್ನೂರು–ಮಳವಳ್ಳಿ ರಾಜ್ಯ ಹೆದ್ದಾರಿಯಲ್ಲಿ ವೇಗದ ಆಸೆ ಬಿಡಿ. ಊರಿಗೊಂದು ಹಂಪು, ಎದುರಿಗೆ ಕಬ್ಬಿನ ಟ್ರ್ಯಾಕ್ಟರ್, ಮಧ್ಯೆ ಕುರಿ ಮಂದೆ. ಬನ್ನೂರು ಕುರಿ ಅಂದರೆ ಸುಮ್ನೆ ಅಲ್ಲ, ಹೆಸರುವಾಸಿ ತಳಿ! ಬನ್ನೂರಿನಲ್ಲಿ ತಿರುಗಿದರೆ ಸೋಮನಾಥಪುರ. ಹದಿಮೂರನೇ ಶತಮಾನದ ಹೊಯ್ಸಳ ಗುಡಿ, 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಬೆಳಿಗ್ಗೆಯೇ ಹೋಗಿ. ಓರೆ ಬಿಸಿಲಲ್ಲಿ ಗೋಡೆಯ ಆನೆ, ಕುದುರೆ ಸಾಲು ಎದ್ದು ಕಾಣುತ್ತದೆ. ಅಲ್ಲಿಂದ ತಲಕಾಡಿನ ಮರಳು, ಆಮೇಲೆ ಶಿವನಸಮುದ್ರ. ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಕರೆಂಟು ಹೋಗಿದ್ದು ಇಲ್ಲಿಂದಲೇ. ಬೇಸಿಗೆಯಲ್ಲಿ ಮಾತ್ರ ಜಲಪಾತ ಸೊರಗಿರುತ್ತದೆ, ಬಂಡೆ ನೋಡಿಕೊಂಡು ಬರಬೇಕಷ್ಟೆ.

ಮೇಲುಕೋಟೆ ದಾರಿ ಇದಕ್ಕಿಂತ ಸಲೀಸು. ಶ್ರೀರಂಗಪಟ್ಟಣ, ಪಾಂಡವಪುರ, ತೊಣ್ಣೂರು ಕೆರೆ, ಬೆಟ್ಟ. ಆದರೆ ಬೈಕಿನವರು ಗಮನಿಸಿ: ಬೆಂಗಳೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ನಿಮಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಮೇಲುಕೋಟೆ ಪುಳಿಯೋಗರೆಯ ರುಚಿಗೆ ಸೋಮನಾಥಪುರದ ಬಳಿ ಸಾಟಿಯಿಲ್ಲ, ಸೋಮನಾಥಪುರಕ್ಕಾದರೆ ಬುತ್ತಿ ಕಟ್ಟಿಕೊಂಡೇ ಹೋಗಿ. ಯೋಗನರಸಿಂಹನ ಬೆಟ್ಟಕ್ಕೆ ಮೆಟ್ಟಿಲು ಜಾಸ್ತಿ. ಕಳೆದ ಸಲ ನಮ್ಮಮ್ಮ ಅರ್ಧಕ್ಕೇ ಕೂತು, "ನೀವು ಹೋಗಿ ಬನ್ನಿ, ನಾನು ಇಲ್ಲಿಂದಲೇ ಕೈ ಮುಗೀತೀನಿ" ಅಂದರು. ಮಂಡಿನೋವಿನ ಹಿರಿಯರಿದ್ದರೆ ಬನ್ನೂರು ಕಡೆಗೇ ಗಾಡಿ ತಿರುಗಿಸಿ. ಶ್ರವಣಬೆಳಗೊಳವನ್ನೂ ಸೇರಿಸುವ ಆಸೆ ಇದ್ದರೆ ಮೇಲುಕೋಟೆ ದಾರಿ, ರಾತ್ರಿ ಅಲ್ಲೇ ತಂಗಿ.