ಇಂಟರ್ನೆಟ್ ಫೋನ್ ಲೈನಿನ ಮೇಲೆ ಕಚೇರಿಯ ಫ್ಯಾಕ್ಸ್: ದೀರ್ಘಕಾಲದ ಬಳಕೆಯ ನಂತರದ ವಿಮರ್ಶೆ

ನವಿ ಮುಂಬೈಯ ವಾಶಿಯಲ್ಲಿರುವ ಎಪಿಎಂಸಿ ಮಸಾಲೆ ಮಾರುಕಟ್ಟೆಯ ಹತ್ತಿರ ನಮ್ಮದೊಂದು ಸಣ್ಣ ರಫ್ತು ಕಚೇರಿಯಿದೆ. ಬ್ಯಾಡಗಿ ಮೆಣಸಿನಕಾಯಿ ನಮ್ಮ ಮುಖ್ಯ ಸರಕು. ಹಾವೇರಿ ಕಡೆಯಿಂದ ಲಾರಿಯಲ್ಲಿ ಬರುವ ಮಾಲು ಇಲ್ಲಿ ವಿಂಗಡಣೆಯಾಗಿ ನ್ಹಾವಾ ಶೇವಾ ಬಂದರಿನ ಮೂಲಕ ಹೊರದೇಶಗಳಿಗೆ ಹೋಗುತ್ತದೆ. ಈ ಕಚೇರಿಯ ಫ್ಯಾಕ್ಸ್ ವ್ಯವಹಾರವೆಲ್ಲವೂ ಕೆಲವು ವರ್ಷಗಳಿಂದ ಇಂಟರ್ನೆಟ್ ಫೋನ್ ಲೈನಿನ ಮೇಲೆಯೇ ನಡೆಯುತ್ತಿದೆ. ಇಲ್ಲಿ ವಿಮರ್ಶಿಸುತ್ತಿರುವುದು ಒಂದೇ ಉಪಕರಣವನ್ನಲ್ಲ, ಒಂದು ಇಡೀ ಜೋಡಣೆಯನ್ನು: ನಮ್ಮ ಹಳೆಯ ಲೇಸರ್ ಫ್ಯಾಕ್ಸ್ ಯಂತ್ರ, ಅದನ್ನು ಇಂಟರ್ನೆಟ್ಟಿಗೆ ಸೇರಿಸುವ ಗ್ರ್ಯಾಂಡ್‌ಸ್ಟ್ರೀಮ್ ಎಚ್‌ಟಿ802 ಅಡಾಪ್ಟರ್, ಮತ್ತು ಮುಂಬೈಯ 022ರ ನಂಬರ್ ಕೊಟ್ಟಿರುವ ಸಿಪ್ ಸೇವೆ, ಅಂದರೆ ಇಂಟರ್ನೆಟ್ ಮೂಲಕ ಕರೆಗಳನ್ನು ನಡೆಸುವ ಫೋನ್ ಸೇವೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸೇವಾದಾರರು ಇಂಟರ್ನೆಟ್ಟಿನಲ್ಲಿ ಫ್ಯಾಕ್ಸ್ ಸಾಗಿಸುವ ಟಿ.38 ಎಂಬ ಪದ್ಧತಿಯನ್ನು ನಿಜವಾಗಿಯೂ ನಡೆಸಿಕೊಡುವವರಾದರೆ ಈ ವ್ಯವಸ್ಥೆ ನಂಬಿಕೆಗೆ ಅರ್ಹವಾದದ್ದು. ಅದಿಲ್ಲದಿದ್ದರೆ ಎಷ್ಟೇ ವೇಗದ ಫೈಬರ್ ಇದ್ದರೂ, ಎಷ್ಟೇ ಒಳ್ಳೆಯ ಯಂತ್ರವಿದ್ದರೂ ಪ್ರಯೋಜನವಿಲ್ಲ.

ಇಮೇಲ್ ಇರುವಾಗ ಫ್ಯಾಕ್ಸ್ ಏಕೆ ಎಂದು ಹಲವರು ಕೇಳುತ್ತಾರೆ. ನಮ್ಮ ಜಪಾನಿನ ಖರೀದಿದಾರರು ಇಂದಿಗೂ ಮೊಹರು ಒತ್ತಿದ ಆರ್ಡರ್ ಹಾಳೆಯನ್ನು ಫ್ಯಾಕ್ಸಿನಲ್ಲಿಯೇ ಕಳುಹಿಸುತ್ತಾರೆ, ಒಪ್ಪಿಗೆಯ ಸಹಿಯನ್ನೂ ಅದೇ ದಾರಿಯಲ್ಲಿ ನಿರೀಕ್ಷಿಸುತ್ತಾರೆ. ನಮ್ಮ ಬ್ಯಾಂಕು ಕೂಡ ಮೊದಲೇ ಬರೆಸಿಕೊಂಡಿರುವ ಹೊಣೆಗಾರಿಕೆ ಪತ್ರದ ಆಧಾರದ ಮೇಲೆ ಸಹಿ ಮಾಡಿದ ಸೂಚನೆಗಳನ್ನು ಫ್ಯಾಕ್ಸ್ ಮೂಲಕ ಸ್ವೀಕರಿಸುತ್ತದೆ. ವ್ಯಾಪಾರದಲ್ಲಿ ಎದುರಿನವರ ಪದ್ಧತಿಗೆ ನಾವು ಹೊಂದಿಕೊಳ್ಳಬೇಕೇ ಹೊರತು ನಮ್ಮ ಅನುಕೂಲಕ್ಕೆ ಅವರು ಬದಲಾಗಲಿ ಎಂದು ಹಟ ಹಿಡಿಯುವುದು ಸಲ್ಲದು.

ತಾಮ್ರದ ಲೈನನ್ನು ಬಿಡಲು ಕಾರಣ ಮಳೆಗಾಲ. ಜೂನ್ ಬಂತೆಂದರೆ ನೆಲದಡಿಯ ಕೇಬಲ್ಲಿನ ಜೋಡಣೆಗಳಿಗೆ ನೀರು ಇಳಿದು ಲೈನಿನಲ್ಲಿ ಗೊರಗೊರ ಸದ್ದು ಶುರುವಾಗುತ್ತಿತ್ತು. ಮಾತನಾಡುವವರು ಹೇಗೋ ಸುಧಾರಿಸಿಕೊಳ್ಳುತ್ತಿದ್ದರು, ಫ್ಯಾಕ್ಸಿಗೆ ಅದು ಸಾಧ್ಯವಿರಲಿಲ್ಲ. ಕಟ್ಟಡಕ್ಕೆ ಫೈಬರ್ ಬಂದ ಮೇಲೆ ಹೆಚ್ಚಿನ ಮಳಿಗೆಗಳವರಂತೆ ನಾವೂ ಬದಲಾಯಿಸಿದೆವು. ಇಲ್ಲಿ ಒಂದು ಮಾತು ತಿಳಿದಿರಲಿ: ಮೊಬೈಲಿನಂತೆ ಸ್ಥಿರ ದೂರವಾಣಿಯ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಸೌಲಭ್ಯ ನಮ್ಮ ದೇಶದಲ್ಲಿಲ್ಲ. ಲೆಟರ್‌ಹೆಡ್, ಇನ್‌ವಾಯ್ಸ್, ಬ್ಯಾಂಕಿನ ದಾಖಲೆ ಎಲ್ಲದರಲ್ಲಿಯೂ ಹೊಸ ನಂಬರ್ ತುಂಬಬೇಕಾಗುತ್ತದೆ. ಹಳೆಯ ಲೈನನ್ನು ಕೆಲವು ತಿಂಗಳು ಹಾಗೆಯೇ ಇಟ್ಟುಕೊಂಡು, ಎಲ್ಲರಿಗೂ ತಿಳಿಸಿದ ನಂತರವೇ ಬಿಡುವುದು ಕ್ಷೇಮ.

ನಾವು ಮೊದಲು ಸೇರಿದ ಸೇವಾದಾರರ ಹೆಸರು ಇಲ್ಲಿ ಬೇಡ. ಅವರ ಲೈನಿನಲ್ಲಿ ಮಾತು ಗಾಜಿನಷ್ಟು ಸ್ಪಷ್ಟವಾಗಿತ್ತು, ಆದರೆ ಫ್ಯಾಕ್ಸ್ ಮಾತ್ರ ಒಂದು ದಿನ ಹೋದರೆ ಮತ್ತೊಂದು ದಿನ ಅರ್ಧಕ್ಕೇ ನಿಲ್ಲುತ್ತಿತ್ತು. ಅವರ ಸಹಾಯವಾಣಿಯವರು ಪ್ರತಿ ಸಲವೂ ಇಂಟರ್ನೆಟ್ ವೇಗವನ್ನು ಪರೀಕ್ಷಿಸಲು ಹೇಳಿ, ಹೆಚ್ಚಿನ ವೇಗದ ಪ್ಲಾನ್ ತೆಗೆದುಕೊಳ್ಳಿ ಎಂದು ಮಾತು ಮುಗಿಸುತ್ತಿದ್ದರು. ಈ ಸಲಹೆ ಏಕೆ ತಪ್ಪು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ನಮ್ಮ ಮಾರುಕಟ್ಟೆಯಲ್ಲಿ ಇದೇ ಮಾತನ್ನು ನಂಬಿ ದುಡ್ಡು ಸುರಿದವರು ಹಲವರಿದ್ದಾರೆ.

ಫ್ಯಾಕ್ಸ್ ಯಂತ್ರವು ಹಾಳೆಯ ಚಿತ್ರವನ್ನು ಸದ್ದಾಗಿ ಪರಿವರ್ತಿಸಿ ಕಳುಹಿಸುತ್ತದೆ. ಕರೆ ಮಾಡುವ ಯಂತ್ರ 1,100 ಹರ್ಟ್ಸ್‌ನ ಸ್ವರವನ್ನು ಮೂರು ಮೂರು ಸೆಕೆಂಡಿನ ಬಿಡುವು ಕೊಟ್ಟು ಅರ್ಧರ್ಧ ಸೆಕೆಂಡು ಹೊರಡಿಸುತ್ತದೆ, ಎತ್ತಿಕೊಂಡ ಯಂತ್ರ 2,100 ಹರ್ಟ್ಸ್‌ನಲ್ಲಿ ಉತ್ತರಿಸುತ್ತದೆ. ನಂತರ ಎರಡೂ ಯಂತ್ರಗಳು ವೇಗವನ್ನು ಗೊತ್ತುಮಾಡಿಕೊಂಡು, ಒಂದೂವರೆ ಸೆಕೆಂಡಿನ ಪರೀಕ್ಷಾ ಸಂಕೇತವನ್ನು ಕಳುಹಿಸಿ ನೋಡಿ, ಅದು ಸರಿಯಾಗಿ ತಲುಪಿದರೆ ಮಾತ್ರ ಪುಟವನ್ನು ಆರಂಭಿಸುತ್ತವೆ. ಇಂಟರ್ನೆಟ್ ಫೋನಿನಲ್ಲಿ ಬಳಕೆಯಲ್ಲಿರುವ ಜಿ.729 ಎಂಬ ಕೋಡೆಕ್, ಅಂದರೆ ಧ್ವನಿಯನ್ನು ಅಂಕಿಗಳಾಗಿಸುವ ವಿಧಾನ, ಅದನ್ನು ಸೆಕೆಂಡಿಗೆ 8 ಕಿಲೋಬಿಟ್ಟಿಗೆ ಹಿಂಡುತ್ತದೆ. ಅದು ಮನುಷ್ಯನ ಗಂಟಲಿನಿಂದ ಹೊರಡುವ ಮಾತನ್ನೇ ಲೆಕ್ಕಕ್ಕೆ ಹಿಡಿದು ರೂಪಿಸಿದ್ದಾದ್ದರಿಂದ ಫ್ಯಾಕ್ಸಿನ ಸಂಕೇತ ಅದರೊಳಗೆ ಹೊಕ್ಕರೆ ಗುರುತು ಸಿಗದಂತಾಗಿ ಹೊರಬರುತ್ತದೆ. ಹಿಂಡದೆ ಕಳುಹಿಸುವ ಜಿ.711 ಕೋಡೆಕ್‌ಗೆ ಬೇಕಾಗುವುದು 64 ಕಿಲೋಬಿಟ್. ಇಂಟರ್ನೆಟ್ಟಿನಲ್ಲಿ ಮಾಹಿತಿ ತುಂಡುತುಂಡಾಗಿ ಸಾಗುವ ಪ್ಯಾಕೆಟ್ಟಿನ ಹೊರಹೊದಿಕೆಯನ್ನೆಲ್ಲ ಸೇರಿಸಿದರೂ 100 ಕಿಲೋಬಿಟ್ ದಾಟುವುದಿಲ್ಲ. 100 ಮೆಗಾಬಿಟ್ಟಿನ ಲೈನಿರುವವನಿಗೆ 200 ಮೆಗಾಬಿಟ್ ತೆಗೆದುಕೊಳ್ಳಿ ಎನ್ನುವುದರಲ್ಲಿ ಅರ್ಥವೇ ಇಲ್ಲ.

ಹಾಗಾದರೆ ಜಿ.711 ಸಾಕಲ್ಲವೇ ಎಂದರೆ, ಒಂದೆರಡು ಪುಟಕ್ಕೆ ಬಹುಪಾಲು ಸಾಕು. ಪುಟಗಳು ಹೆಚ್ಚಿದಂತೆ ತೊಂದರೆ ಬೇರೆ ಕಡೆಯಿಂದ ಬರುತ್ತದೆ. ಈ ತುದಿಯ ಅಡಾಪ್ಟರಿನ ಗಡಿಯಾರ ಮತ್ತು ಆ ತುದಿಯ ಉಪಕರಣದ ಗಡಿಯಾರ ಎಂದಿಗೂ ಪೂರ್ತಿ ಒಂದೇ ಆಗಿರುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ, ಸದ್ದನ್ನು ಸೆಕೆಂಡಿಗೆ 8,000 ಸಲ ಅಳೆದು ತೆಗೆಯುವ ಮಾದರಿಗಳ ಲೆಕ್ಕದಲ್ಲಿ, ಸುಮಾರು 400 ಸೆಕೆಂಡಿಗೊಮ್ಮೆ 20 ಮಿಲಿಸೆಕೆಂಡಿನ ಒಂದು ಇಡೀ ಪ್ಯಾಕೆಟ್ ಹೆಚ್ಚಾಗಿಯೋ ಕಡಿಮೆಯಾಗಿಯೋ ಬೀಳುತ್ತದೆ. ಮಾತಿನಲ್ಲಿ 20 ಮಿಲಿಸೆಕೆಂಡು ಬಿಟ್ಟುಹೋದರೆ ಕಿವಿಗೆ ತಿಳಿಯುವುದೂ ಇಲ್ಲ. 14,400 ಬಿಟ್ ವೇಗದ ಫ್ಯಾಕ್ಸಿನಲ್ಲಿ ಅಷ್ಟು ಹೊತ್ತಿಗೆ 288 ಬಿಟ್‌ಗಳು ಹೋಗಿರುತ್ತವೆ, ಜೊತೆಗೆ ಎರಡು ಮೋಡೆಮ್‌ಗಳ ಲಯವೂ ತಪ್ಪುತ್ತದೆ. ನಮ್ಮ ರಫ್ತು ದಾಖಲೆಗಳ ಕಂತೆ ಮೊದಲ ಪುಟಗಳಲ್ಲಿ ಸರಾಗವಾಗಿ ಹೋಗಿ ಕೊನೆಯ ಪುಟಗಳಲ್ಲಿ ಕೈಕೊಡುತ್ತಿದ್ದುದು ಇದಕ್ಕೆ ಸರಿಯಾಗಿ ಹೊಂದುತ್ತದೆ.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವಾದ ಐಟಿಯು 1998ರಲ್ಲಿ ಒಪ್ಪಿದ ಟಿ.38 ಈ ತೊಡಕನ್ನು ಬುಡದಲ್ಲಿಯೇ ಬಿಡಿಸುತ್ತದೆ. ಅದರಲ್ಲಿ ಸದ್ದನ್ನು ಸದ್ದಾಗಿ ಸಾಗಿಸುವುದೇ ಇಲ್ಲ. ಅಡಾಪ್ಟರ್ ಫ್ಯಾಕ್ಸಿನ ಸ್ವರವನ್ನು ಇಲ್ಲಿಯೇ ಬಿಡಿಸಿ, ಒಳಗಿನ ಮಾಹಿತಿಯನ್ನು ಮಾತ್ರ ಪ್ಯಾಕೆಟ್‌ಗಳಲ್ಲಿ ಕಳುಹಿಸುತ್ತದೆ. ಆ ತುದಿಯಲ್ಲಿ ಇಂಟರ್ನೆಟ್ಟನ್ನು ಫೋನ್ ಲೈನಿಗೆ ಜೋಡಿಸುವ ಗೇಟ್‌ವೇ ಅದನ್ನು ಮತ್ತೆ ಸ್ವರವಾಗಿಸಿ ಎದುರಿನ ಯಂತ್ರಕ್ಕೆ ಕೇಳಿಸುತ್ತದೆ. ಪ್ರತಿ ಪ್ಯಾಕೆಟ್ಟಿನ ಜೊತೆ ಅದರ ಹಿಂದಿನ ಪ್ಯಾಕೆಟ್‌ಗಳ ಪ್ರತಿಯನ್ನೂ ಸೇರಿಸಿ ಕಳುಹಿಸಬಹುದಾದ್ದರಿಂದ ದಾರಿಯಲ್ಲಿ ಒಂದು ಕಳೆದುಹೋದರೂ ಪುಟ ಕೆಡುವುದಿಲ್ಲ. ನಾವು ಎರಡನೆಯ ಸೇವಾದಾರರನ್ನು ಆರಿಸುವಾಗ ಕೇಳಿದ ಪ್ರಶ್ನೆ ಒಂದೇ. ನಿಮ್ಮ ಕಡೆ ಟಿ.38 ಇದೆಯೇ ಎಂದು ಮಾತ್ರ ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ಕರೆ ನಿಮ್ಮಿಂದ ಮುಂದಿನ ಕಂಪನಿಗೆ ಹೋಗುವಾಗಲೂ ಅದು ಟಿ.38 ಆಗಿಯೇ ಉಳಿಯುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಬೇಕು. ಈ ಪ್ರಶ್ನೆಗೆ ನೇರ ಉತ್ತರ ಕೊಟ್ಟವರನ್ನೇ ನಾವು ಆರಿಸಿದೆವು. ಅಂದಿನಿಂದ ದೇಶದೊಳಗಿನ ಫ್ಯಾಕ್ಸ್ ತಾಮ್ರದ ಲೈನಿನ ಒಳ್ಳೆಯ ದಿನಗಳಲ್ಲಿ ಇದ್ದಷ್ಟೇ ನಿಶ್ಚಿಂತೆಯಿಂದ ಹೋಗುತ್ತಿದೆ.

ಎಚ್‌ಟಿ802 ಅಂಗೈಯಗಲದ ಪೆಟ್ಟಿಗೆ. ಅದರಲ್ಲಿ ಎರಡು ಫೋನ್ ಪೋರ್ಟ್‌ಗಳಿವೆ; ಒಂದಕ್ಕೆ ಫ್ಯಾಕ್ಸ್, ಇನ್ನೊಂದಕ್ಕೆ ಸಾಮಾನ್ಯ ಫೋನ್ ಹಾಕಿದ್ದೇವೆ. ಬ್ರೌಸರಿನಲ್ಲಿ ಅದರ ಪುಟವನ್ನು ತೆರೆದರೆ ಪ್ರತಿ ಪೋರ್ಟಿಗೂ ಬೇರೆ ಬೇರೆ ಹೊಂದಾಣಿಕೆ ಸಾಧ್ಯ. ಫ್ಯಾಕ್ಸಿನ ಪೋರ್ಟಿನಲ್ಲಿ ಫ್ಯಾಕ್ಸ್ ಮೋಡನ್ನು ಟಿ.38ಕ್ಕೆ ಇಟ್ಟು, ಮೊದಲ ಕೋಡೆಕ್ ಆಗಿ ಜಿ.711ರ ಎ-ಲಾ ರೂಪವನ್ನು ಆರಿಸಿ, ಮೌನವನ್ನು ಕತ್ತರಿಸುವ ಆಯ್ಕೆಯನ್ನು ಬಂದ್ ಮಾಡಬೇಕು. ಕಾಲ್ ವೇಟಿಂಗನ್ನು ಕೂಡ ತೆಗೆದುಹಾಕಬೇಕು. ಪುಟದ ನಡುವೆ ಇನ್ನೊಂದು ಕರೆಯ ಬೀಪ್ ಬಂದರೆ ಆ ಪುಟ ಹೋದಂತೆಯೇ. ಇದಾದ ನಂತರ ಫ್ಯಾಕ್ಸ್ ಯಂತ್ರದ ಸರದಿ. ನಮ್ಮ ಯಂತ್ರಕ್ಕೆ ಸೂಪರ್ ಜಿ3 ಇದೆ, ಅಂದರೆ ವಿ.34 ಮೋಡೆಮ್ಮಿನಲ್ಲಿ 33,600 ಬಿಟ್ ವೇಗದವರೆಗೆ ಹೋಗಬಲ್ಲದು. ಅದನ್ನು ಮೆನುವಿನಿಂದ ನಿಲ್ಲಿಸಿದೆವು. ಟಿ.38ರ ಹಳೆಯ ಆವೃತ್ತಿ 14,400ಕ್ಕಿಂತ ಮೇಲಿನ ವೇಗವನ್ನು ತಿಳಿಯದು, ಜಾಲದಲ್ಲಿ ವ್ಯಾಪಕವಾಗಿರುವುದೂ ಆ ಆವೃತ್ತಿಯೇ. ಹೊರದೇಶದ ಕರೆಗಳಿಗೆ ನಾವು ಇನ್ನೂ ಕೆಳಗಿಳಿದು 9,600ರಲ್ಲಿ ಕಳುಹಿಸುತ್ತೇವೆ. ಪುಟಕ್ಕೆ ಸ್ವಲ್ಪ ಹೆಚ್ಚು ಹೊತ್ತು ಹಿಡಿದರೂ ಮತ್ತೆ ಮತ್ತೆ ಡಯಲ್ ಮಾಡುವುದಕ್ಕಿಂತ ಅದು ಮೇಲು.

ದೋಷ ತಿದ್ದುವ ಇಸಿಎಂ ಎಂಬ ಆಯ್ಕೆಯ ಬಗ್ಗೆ ಎರಡು ಅಭಿಪ್ರಾಯಗಳಿವೆ. ಇಂಟರ್ನೆಟ್ ಲೈನಿನಲ್ಲಿ ಅದನ್ನು ತೆಗೆದುಹಾಕಿದರೆ ಫ್ಯಾಕ್ಸ್ ಹೆಚ್ಚು ಬಾರಿ ಯಶಸ್ವಿಯಾಗುತ್ತದೆ ಎಂದು ತಂತ್ರಜ್ಞರು ಹೇಳುವುದುಂಟು, ಅದು ಸುಳ್ಳಲ್ಲ. ಆದರೆ ಆ ಯಶಸ್ಸಿನ ಅರ್ಥ ಯಂತ್ರ ತಪ್ಪಾದ ಗೆರೆಗಳನ್ನು ಹಾಗೆಯೇ ಒಪ್ಪಿಕೊಂಡಿತು ಎಂಬುದಷ್ಟೇ. ನಾವು ಕಳುಹಿಸುವ ಕಂತೆಯಲ್ಲಿ ಪ್ರಯೋಗಾಲಯದ ವರದಿ ಇರುತ್ತದೆ. ಅದರಲ್ಲಿ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷದ ಪ್ರಮಾಣದ ಒಂದು ಸಾಲು. ಜಪಾನಿನಲ್ಲಿ ಒಟ್ಟು ಅಫ್ಲಾಟಾಕ್ಸಿನ್ನಿನ ಮಿತಿ ಕಿಲೋಗೆ 10 ಮೈಕ್ರೋಗ್ರಾಂ. ನಮ್ಮ ವರದಿಯಲ್ಲಿ 1.8 ಎಂದು ಮುದ್ರಿತವಾದದ್ದು ಬಿಂದು ಅಳಿಸಿಹೋಗಿ 18 ಎಂದು ಓದಿಸಿದರೆ ಏನಾಗಬಹುದೆಂದು ಮಸಾಲೆ ವ್ಯಾಪಾರ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಾಧಾರಣ ರೆಸಲ್ಯೂಷನ್ನಿನಲ್ಲಿ ಮೇಲಿನಿಂದ ಕೆಳಕ್ಕೆ ಇಂಚಿಗೆ ಕೇವಲ 98 ಗೆರೆಗಳು, ಅಂದರೆ ಗೆರೆಯೊಂದಕ್ಕೆ ಕಾಲು ಮಿಲಿಮೀಟರಿನಷ್ಟು ಜಾಗ; ಸಣ್ಣ ಅಕ್ಷರದ ದಶಮಾಂಶ ಬಿಂದು ಎರಡು ಗೆರೆಗಳ ನಡುವೆಯೇ ಮಾಯವಾಗಬಲ್ಲದು. ಆದ್ದರಿಂದ ವರದಿಗಳನ್ನು ಇಂಚಿಗೆ 196 ಗೆರೆಗಳ ಫೈನ್ ಮೋಡಿನಲ್ಲಿ, ಇಸಿಎಂ ಇಟ್ಟುಕೊಂಡೇ ಕಳುಹಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ತಪ್ಪು ಅಂಕಿಯೊಂದಿಗೆ ತಲುಪುವ ಪುಟಕ್ಕಿಂತ ತಲುಪದೆ ನಿಂತ ಪುಟ ಲೇಸು, ಏಕೆಂದರೆ ನಿಂತದ್ದು ನಮಗೆ ಗೊತ್ತಾಗುತ್ತದೆ.

ಇದರ ಎದುರು ಬದಿಯ ತೊಂದರೆಯೂ ಒಂದಿದೆ. ಪುಟ ಪೂರ್ತಿ ತಲುಪಿದ ಮೇಲೆ ಎದುರಿನ ಯಂತ್ರ ತಲುಪಿತು ಎಂಬ ಒಪ್ಪಿಗೆಯ ಸಂಕೇತ ಕಳುಹಿಸುತ್ತದೆ. ಆ ಸಂಕೇತ ದಾರಿಯಲ್ಲಿ ಕಳೆದರೆ ನಮ್ಮ ಯಂತ್ರ ವಿಫಲ ಎಂದು ವರದಿ ಮುದ್ರಿಸಿ ಮತ್ತೆ ಡಯಲ್ ಮಾಡುತ್ತದೆ, ಆ ತುದಿಯಲ್ಲಿ ಅದೇ ಹಾಳೆಯ ಎರಡು ಪ್ರತಿಗಳು ಬಿದ್ದಿರುತ್ತವೆ. ಸಾಗಣೆಯ ಸೂಚನೆಯೊಂದು ಹೀಗೆ ಎರಡು ಸಲ ತಲುಪಿ, ಇವು ಒಂದೇ ಕಂಟೇನರಿನದೋ ಎರಡರದೋ ಎಂದು ಶಿಪ್ಪಿಂಗ್ ಏಜೆಂಟರ ಕಚೇರಿಯಲ್ಲಿ ಗೊಂದಲವಾಗಿತ್ತು. ಬ್ಯಾಲಾರ್ಡ್ ಎಸ್ಟೇಟಿನ ಆ ಕಚೇರಿಯ ಮೇಲ್ವಿಚಾರಕರು ನಮ್ಮ ಧಾರವಾಡದ ಕಡೆಯವರೇ ಆದ್ದರಿಂದ ಫೋನಿನಲ್ಲಿ ಕನ್ನಡದಲ್ಲಿಯೇ ಮಾತು ಬಗೆಹರಿಯಿತು. ಪರದೇಶದ ಖರೀದಿದಾರರೊಡನೆ ಅಷ್ಟು ಸುಲಭವಾಗಿ ಬಗೆಹರಿಯುತ್ತಿರಲಿಲ್ಲ. ಈಗ ಪ್ರತಿ ಹಾಳೆಯ ತಲೆಯಲ್ಲಿ ಉಲ್ಲೇಖ ಸಂಖ್ಯೆ, ಒಟ್ಟು ಪುಟಗಳಲ್ಲಿ ಇದು ಎಷ್ಟನೆಯದು ಎಂಬುದು, ಮರುಕಳುಹಿಸಿದ್ದಾದರೆ ಆ ಮಾತು, ಇಷ್ಟನ್ನೂ ಕಡ್ಡಾಯವಾಗಿ ಬರೆಯುತ್ತೇವೆ.

ಒಳಬರುವ ಫ್ಯಾಕ್ಸಿನ ವಿಷಯದಲ್ಲಿ ನಾನು ಯಂತ್ರವನ್ನು ಶಿಫಾರಸು ಮಾಡುವುದಿಲ್ಲ. ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕಚೇರಿ ತೆರೆದು ಆರ್ಡರ್ ಕಳುಹಿಸಿದರೆ ಇಲ್ಲಿ ಇನ್ನೂ ಐದೂವರೆ. ತಾಮ್ರದ ಫೋನಿಗೆ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಈಗ ಫೈಬರಿನ ಪೆಟ್ಟಿಗೆ, ರೌಟರ್, ಅಡಾಪ್ಟರ್ ಮೂರಕ್ಕೂ ನಮ್ಮದೇ ಕರೆಂಟು ಬೇಕು, ಮೂರರಲ್ಲಿ ಒಂದು ನಿಂತರೂ ಕರೆ ಬರುವುದಿಲ್ಲ. ಆದ್ದರಿಂದ ಒಳಬರುವ ನಂಬರನ್ನು ಸೇವಾದಾರರ ಸರ್ವರಿಗೇ ಕಟ್ಟಿಸಿದ್ದೇವೆ. ಫ್ಯಾಕ್ಸ್ ಅಲ್ಲಿಯೇ ಇಳಿದು ಪಿಡಿಎಫ್ ಆಗಿ ಇಮೇಲಿಗೆ ಬರುತ್ತದೆ, ಮುಚ್ಚಿದ ಕಚೇರಿಯಲ್ಲಿ ಕಾಗದ ಮುಗಿದಿದೆಯೇ ಎಂಬ ಚಿಂತೆಯೂ ಇಲ್ಲ. ಈ ಸೇವೆಗೆ ನಾನು ಐದಕ್ಕೆ ಐದು ಅಂಕ ಕೊಡುತ್ತೇನೆ.

ಹೊರಹೋಗುವ ಅಂತರರಾಷ್ಟ್ರೀಯ ಫ್ಯಾಕ್ಸಿಗೆ ಅಷ್ಟು ಕೊಡಲಾರೆ, ಮೂರೂವರೆ ಸಾಕು. ಇಲ್ಲಿಂದ ಒಸಾಕಾಕ್ಕೆ ಹೋಗುವ ಕರೆ ಹಲವು ಕಂಪನಿಗಳ ಕೈ ದಾಟುತ್ತದೆ. ನಡುವೆ ಒಂದೇ ಒಂದು ಕೊಂಡಿ ಟಿ.38 ಬಿಟ್ಟು ಹಿಂಡಿದ ಧ್ವನಿಗೆ ಇಳಿದರೆ ನಮ್ಮ ಎಚ್ಚರಿಕೆಯೆಲ್ಲ ವ್ಯರ್ಥ. ಎದುರಿನವರ ಹತ್ತಿರ ಹಳೆಯ ಮಾದರಿಯ ಲೈನಿದೆ ಎಂಬ ಭರವಸೆಯೂ ಈಗ ನೆರವಾಗದು. ಜಪಾನಿನ ದೂರವಾಣಿ ಕಂಪನಿ ಎನ್‌ಟಿಟಿ 2024ರ ಜನವರಿಯಿಂದ ತನ್ನ ಸ್ಥಿರ ದೂರವಾಣಿ ಜಾಲವನ್ನು ಐಪಿಗೆ ಬದಲಾಯಿಸತೊಡಗಿತು. ಗೋಡೆಯ ಸಾಕೆಟ್ ಹಳೆಯದೇ ಆಗಿದ್ದರೂ ಅದರ ಹಿಂದಿನ ಜಾಲ ಈಗ ಇಂಟರ್ನೆಟ್ಟಿನ ಪದ್ಧತಿಯದು. ಒಂದು ದಾರಿ ಕೆಟ್ಟಾಗ ಸೇವಾದಾರರಿಗೆ ಕರೆಯ ಸಮಯ ಮತ್ತು ನಂಬರನ್ನು ಬರೆದು ಕಳುಹಿಸಿದರೆ ಅವರು ಆ ದೇಶದ ಕರೆಗಳನ್ನು ಬೇರೆ ಕಂಪನಿಯ ಮೂಲಕ ತಿರುಗಿಸುತ್ತಾರೆ. ಹಾಗೆ ಕೇಳಬಹುದು ಎಂಬುದು ಎಷ್ಟೋ ಗ್ರಾಹಕರಿಗೆ ತಿಳಿದೇ ಇಲ್ಲ.

ಗೋಪ್ಯತೆಯ ದೃಷ್ಟಿಯಿಂದ ಒಂದು ಎಚ್ಚರಿಕೆ: ಟಿ.38ರ ಪ್ಯಾಕೆಟ್‌ಗಳು ಸಾಮಾನ್ಯವಾಗಿ ಗೂಢಲಿಪಿಯಿಲ್ಲದೆಯೇ ಸಾಗುತ್ತವೆ. ಫ್ಯಾಕ್ಸ್ ಎಂದಮಾತ್ರಕ್ಕೆ ಇಮೇಲಿಗಿಂತ ಸುರಕ್ಷಿತ ಎಂದು ತಿಳಿಯುವುದು ಸರಿಯಲ್ಲ, ಬ್ಯಾಂಕಿನ ಸೂಚನೆಗಳಿಗೆ ಮರುಕರೆ ಮಾಡಿ ಖಚಿತಪಡಿಸುವ ಪದ್ಧತಿಯನ್ನು ನಾವು ಬಿಟ್ಟಿಲ್ಲ.

ತಿಂಗಳಿಗೊಮ್ಮೆ ಒಂದು ಪುಟ ಕಳುಹಿಸುವವರಿಗೆ ಅಡಾಪ್ಟರ್, ಲೈನ್ ಎಂಬ ಈ ತಾಪತ್ರಯ ಬೇಡ. ಪಿಡಿಎಫ್ ಏರಿಸಿ ಕಳುಹಿಸುವ ಸೇವೆ ಸಾಕಾಗುತ್ತದೆ. ದಿನವೂ ಸಹಿ, ಮೊಹರುಗಳ ಕಾಗದ ಹೊರಡುವ ಕಚೇರಿಯವರು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಪರೀಕ್ಷೆಗೆಂದು ಒಂದು ನಂಬರ್ ಪಡೆದು, ತಮ್ಮಲ್ಲಿರುವ ಅತಿ ದಟ್ಟವಾದ, ಅತಿ ಉದ್ದದ ದಾಖಲೆಯನ್ನು ತಮ್ಮ ಅತಿ ದೂರದ ಗ್ರಾಹಕನಿಗೆ ಕೆಲಸದ ವೇಳೆಯಲ್ಲಿ ಕಳುಹಿಸಿ, ಆ ತುದಿಯಲ್ಲಿ ಇಳಿದ ಹಾಳೆಗಳ ಫೋಟೋ ತರಿಸಿಕೊಂಡು ಒಂದೊಂದು ಅಂಕಿಯನ್ನೂ ಮೂಲದೊಡನೆ ಹೋಲಿಸಿ ನೋಡಬೇಕು.