ಹಳೇ ಕಾರಿಗೆ ಆಕ್ಸಲ್ ಹಾಕಿಸ್ತಿದೀರಾ? ಗ್ಯಾರೇಜಲ್ಲಿ ಬಿಟ್ಟು ಟೀ ಕುಡಿಯೋಕೆ ಹೋಗ್ಬೇಡಿ

ನಮ್ಮಪ್ಪಂದು 2003ರ ಝೆನ್. ಮಾರಿದ್ರೆ ಗುಜರಿ ರೇಟು, ಅಪ್ಪ ಮಾರೋಕೂ ಬಿಡಲ್ಲ, ರಿಪೇರಿ ಖರ್ಚು ಮಾತ್ರ ನಂದು. ಈ ಕಾರಿನ ಎಡಗಡೆ ಆಕ್ಸಲ್ (ಗೇರ್‌ಬಾಕ್ಸಿಂದ ಮುಂದಿನ ಚಕ್ರಕ್ಕೆ ಹೋಗಿ ಅದನ್ನ ತಿರುಗಿಸೋ ಶಾಫ್ಟ್) ಒಂದಕ್ಕೇ ಎರಡು ತಿಂಗಳಲ್ಲಿ 13,400 ರೂಪಾಯಿ ಕಳ್ಕೊಂಡಿದೀನಿ. ನಮ್ ತುಮಕೂರಲ್ಲಿ ಹಳೇ ಝೆನ್, ಆಲ್ಟೊ, ಸ್ಯಾಂಟ್ರೊ ಇಟ್ಕೊಂಡಿರೋರು ಇನ್ನೂ ಬೇಜಾನ್ ಜನ ಇದಾರೆ, ಅದಕ್ಕೇ ಬರೀತಿದೀನಿ. ಗ್ಯಾರೇಜ್ ಹೆಸರು ಹೇಳಲ್ಲ, ಕೇಳ್ಬೇಡಿ.

ಗೊತ್ತಾಗಿದ್ದು ದೇವರಾಯನದುರ್ಗ ಹತ್ತುವಾಗ. ತಿರುವಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ರೆ ಮುಂದಿನ ಚಕ್ರದ ಹತ್ರ ಕಟಕಟಕಟ ಅಂತ ಸದ್ದು, ನೆಟ್ಟಗೆ ಓಡಿಸಿದ್ರೆ ಸದ್ದೇ ಇಲ್ಲ. ಕೆಳಗಿಳಿದ ಮೇಲೆ ಬಗ್ಗಿ ನೋಡಿದ್ರೆ ಚಕ್ರದ ಕಡೆ ಜಾಯಿಂಟ್ ಮೇಲಿರೋ ರಬ್ಬರ್ ಬೂಟ್ ಹರಿದು ಬಾಯಿ ಬಿಟ್ಟಿದೆ, ಒಳಗಿನ ಗ್ರೀಸೆಲ್ಲಾ ರಿಮ್ ಒಳಗಡೆ ಕಪ್ಪಗೆ ಸಿಡಿದು ಮೆತ್ಕೊಂಡಿದೆ. ಇದ್ರಲ್ಲಿ ನನ್ ತಪ್ಪೂ ಇದೆ, ಮೊದಲೇ ಹೇಳ್ಬಿಡ್ತೀನಿ. ಆರು ತಿಂಗಳ ಹಿಂದೆ ಆಯಿಲ್ ಚೇಂಜ್ ಮಾಡ್ಸುವಾಗಲೇ ಹುಡುಗ ಒಬ್ಬ ‘ಬೂಟ್ ಕ್ರ್ಯಾಕ್ ಬಂದೈತೆ ಅಣ್ಣ’ ಅಂದಿದ್ದ, ನಾನು ಆಮೇಲೆ ನೋಡೋಣ ಅಂತ ಬಂದೆ. ಅವತ್ತೇ ಬೂಟು, ಗ್ರೀಸು ಹಾಕಿಸಿದ್ರೆ ಕೆಲವು ನೂರು ರೂಪಾಯಲ್ಲಿ ಮುಗೀತಿತ್ತು. ಬೂಟ್ ಹರಿದ ಮೇಲೆ ಗ್ರೀಸ್ ಹೊರಗೆ, ಧೂಳು ಮರಳು ಒಳಗೆ, ಉಕ್ಕಿನ ಗೋಲಿಗಳು ಓಡಾಡೋ ಜಾಗ ಸವೆದು ಗುಂಡಿ ಬೀಳುತ್ತೆ, ಆ ಗುಂಡಿದೇ ಕಟಕಟ ಸದ್ದು. ಆ ಸದ್ದು ಬಂದ ಮೇಲೆ ಬೂಟ್ ಬದಲಾಯಿಸಿ ಪ್ರಯೋಜನ ಇಲ್ಲ.

ಸರಿ, ಗ್ಯಾರೇಜಿಗೆ ಹೋದೆ. ಓನರ್ ನೋಡಿದವನೇ ‘ಹೊಸದ್ಯಾಕೆ ಸಾರ್, ಸೆಕೆಂಡ್ಸ್ ಸೆಟ್ ಇದೆ, ಕೂಲಿ ಸೇರಿ 2,800 ಕೊಡಿ, ಸಂಜೆ ಗಾಡಿ ತಗೊಂಡೋಗಿ’ ಅಂದ. ಇಪ್ಪತ್ತು ವರ್ಷ ದಾಟಿದ ಗಾಡಿಗೆ ಹೊಸ ಆಕ್ಸಲ್ ಯಾಕೆ ಅಂತ ನನಗೂ ಅನ್ನಿಸ್ತು, ಒಪ್ಕೊಂಡೆ.

ಮೊದಲು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಚಕ್ರ ಬಿಚ್ಚಿ ಮಧ್ಯದ ದೊಡ್ಡ ನಟ್ ತೆಗೆದ್ರು. ಆ ನಟ್‌ನ ಅಂಚನ್ನ ಶಾಫ್ಟಿನ ಕಚ್ಚಿಗೆ ಒಳಮುಖವಾಗಿ ಗುದ್ದಿ ಲಾಕ್ ಮಾಡಿರ್ತಾರೆ, ಅದನ್ನ ಉಳಿ ಇಟ್ಟು ಬಿಡಿಸ್ಬೇಕು, ಇವ್ರು ಬಿಡಿಸ್ದೆ ನಟ್ ಬಿಚ್ಚೋ ಗನ್ ಇಟ್ಟು ಡರ್ರ್ ಅನ್ನಿಸ್ಬಿಟ್ರು, ಶಾಫ್ಟಿನ ಥ್ರೆಡ್ ಕಿತ್ತು ಬಂತು. ಆಮೇಲೆ ಶಾಫ್ಟ್ ಚಕ್ರ ಕೂರೋ ಹಬ್‌ನಿಂದ ಒಳಗೆ ಹೋಗ್ಲಿಲ್ಲ, ತುಕ್ಕು ಹಿಡಿದಿತ್ತು. ಹುಡುಗ ದೊಡ್ಡ ಸುತ್ತಿಗೆ ತಗೊಂಡು ನೇರ ಶಾಫ್ಟಿನ ತುದಿಗೇ ಹೊಡೆದ, ಧಡ್ ಧಡ್ ಧಡ್, ನೋಡ್ತಾ ನೋಡ್ತಾ ತುದಿ ಅಣಬೆ ಥರ ಅರಳ್ತು. ಪ್ರತಿ ಏಟೂ ವೀಲ್ ಬೇರಿಂಗಿಗೂ ಬೀಳ್ತಿರುತ್ತೆ ಅನ್ನೋದು ಅವತ್ತು ನನಗೆ ಹೊಳೀಲಿಲ್ಲ, ಹೆಂಗಿದ್ರೂ ಎಸೆಯೋ ಶಾಫ್ಟ್ ತಾನೇ ಅಂದ್ಕೊಂಡೆ. ಇನ್ನೊಬ್ಬ ಗೇರ್‌ಬಾಕ್ಸ್ ಕಡೆ ಸಬ್ಬಲ್ ಕೊಟ್ಟು ಮೀಟಿದ, ಶಾಫ್ಟ್ ಬಂತು, ಜೊತೆಗೆ ಗೇರ್ ಆಯಿಲ್ ಗಳಗಳ ಅಂತ ನೆಲಕ್ಕೆ. ಮೊದಲೇ ಡ್ರೈನ್ ಮಾಡಿ ಡಬ್ಬಕ್ಕೆ ಹಿಡೀಬೇಕಾಗಿತ್ತು, ಇವ್ರು ಮೇಲೆ ಎರಡು ಬೊಗಸೆ ಮಣ್ಣು ಹಾಕಿದ್ರು. ಆ ಗಬ್ಬು ವಾಸನೆ ತಡೀದೆ ನಾನು ಟೀ ಅಂಗಡಿಗೆ ಹೋದೆ. ವಾಪಸ್ ಬರೋಷ್ಟರಲ್ಲಿ ಚಕ್ರ ಹಾಕಿ ಆಗಿತ್ತು. ಕಟಕಟ ಸದ್ದು ನಿಂತಿತ್ತು, ಖುಷಿಯಾಗಿ ದುಡ್ಡು ಕೊಟ್ಟು ಬಂದೆ.

ಹನ್ನೊಂದು ದಿನ ಓಡ್ತು.

ಹನ್ನೆರಡನೇ ದಿನ ಅಪ್ಪ ಅಮ್ಮನ್ನ ಕೂರಿಸ್ಕೊಂಡು ಸೀಬಿ ನರಸಿಂಹಸ್ವಾಮಿ ದೇವಸ್ಥಾನಕ್ಕೆ ಹೋಗಿದ್ದೆ. ವಾಪಸ್ ಬರುವಾಗ ಹೈವೇ ಹತ್ತೋಕೆ ಮೊದಲು ಒಂದು ಹಂಪ್, ತಿರುಗಿಸ್ಕೊಂಡೇ ಅದರ ಮೇಲೆ ಇಳಿಸಿದೆ, ಕೆಳಗೆ ಠಪ್ ಅಂತು. ಅಷ್ಟೇ. ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ರೆ ಎಂಜಿನ್ ಕೂಗುತ್ತೆ, ಗಾಡಿ ಮುಂದಕ್ಕೆ ಹೋಗಲ್ಲ. ರಿವರ್ಸ್ ಹಾಕಿದ್ರೂ ಅಷ್ಟೇ. ಕ್ಲಚ್ ಹೋಯ್ತು ಅಂದ್ರು ಅಪ್ಪ. ಕೆಳಗೆ ನೋಡಿದ್ರೆ ಅದೇ ಗಬ್ಬು ವಾಸನೆ ಆಯಿಲ್ ಹರೀತಿದೆ, ಆಕ್ಸಲ್ ಗೇರ್‌ಬಾಕ್ಸಿಂದ ಈಚೆ ಬಂದಿತ್ತು. ಬಲಗಡೆ ಆಕ್ಸಲ್ ಚೆನ್ನಾಗೇ ಇದೆಯಲ್ಲ, ಅದೊಂದರಲ್ಲೇ ಮನೆ ಸೇರ್ಬೋದಲ್ವಾ ಅಂತ ಅನ್ಸುತ್ತೆ, ಆಗಲ್ಲ, ಎರಡು ಚಕ್ರಕ್ಕೂ ಶಕ್ತಿ ಹಂಚೋ ಡಿಫರೆನ್ಷಿಯಲ್ ಸುಮ್ನೆ ಖಾಲಿ ಕಡೆಗೇ ತಿರುಗ್ತಿರುತ್ತೆ. ಇನ್ನೊಂದು, ಇಂಥ ಟೈಮಲ್ಲಿ ಗೇರಲ್ಲಿ ನಿಲ್ಲಿಸಿದ್ರೂ ಗಾಡಿ ನಿಲ್ಲಲ್ಲ, ಇಳಿಜಾರಾದ್ರೆ ಉರುಳ್ಕೊಂಡು ಹೋಗುತ್ತೆ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಅದೇ ಹೈವೇ ಮಧ್ಯೆ 80ರಲ್ಲಿ ಹೋಗುವಾಗ ಹಿಂದೆ ಲಾರಿ ಇದ್ದಿದ್ರೆ ಅಂತ ಅಮ್ಮ ಈಗ್ಲೂ ಹೇಳ್ತಿರ್ತಾರೆ.

ಟೋಯಿಂಗ್ ಗಾಡಿಗೆ 2,500. ಈ ಸಲ ಬೇರೆ ಕಡೆ, ಕ್ಯಾತ್ಸಂದ್ರದ ಹತ್ರ ಒಬ್ರು ವಯಸ್ಸಾದ ಮೇಸ್ತ್ರಿ ಹತ್ರ ಹಾಕಿಸ್ದೆ. ಅವ್ರು ಶಾಫ್ಟ್ ಬಿಚ್ಚಿ ಕೈಲಿ ಹಿಡ್ಕೊಂಡು ಗೇರ್‌ಬಾಕ್ಸ್ ಕಡೆ ತುದಿ ತೋರಿಸಿದ್ರು. ಅಲ್ಲಿ ಹಲ್ಲುಗಳ ಮಧ್ಯೆ ಒಂದು ಕಚ್ಚು, ಅದ್ರಲ್ಲಿ ಬಳೆ ಥರ ಸಣ್ಣ ಸರ್ಕ್ಲಿಪ್ ಕೂತಿರ್ಬೇಕು. ಆ ಸರ್ಕ್ಲಿಪ್ ಗೇರ್‌ಬಾಕ್ಸ್ ಒಳಗೆ ಟಕ್ ಅಂತ ಕೂತ್ರೇನೇ ಆಕ್ಸಲ್ ನಿಲ್ಲೋದು. ನಂದ್ರಲ್ಲಿ ಅದು ಅಪ್ಪಚ್ಚಿಯಾಗಿ ಕಚ್ಚಿನ ಒಳಗೇ ಅಂಟ್ಕೊಂಡಿತ್ತು. ‘ಹಾಕಿದ್ಮೇಲೆ ಕೈಲಿ ಒಂದ್ಸಲ ಎಳೆದು ನೋಡ್ಬೇಕಪ್ಪ, ಅಷ್ಟೂ ಮಾಡಿಲ್ವಲ್ಲ’ ಅಂದ್ರು. ಅದ್ರ ಮೇಲೆ ಈ ಶಾಫ್ಟ್ ನಮ್ ಗಾಡೀದೇ ಅಲ್ವಂತೆ, ಬೇರೆ ಮಾಡೆಲ್‌ದು, ಸ್ವಲ್ಪ ಗಿಡ್ಡ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಅಳತೆ ಇರುತ್ತೆ, ಹಳೇದನ್ನ ಪಕ್ಕದಲ್ಲಿಟ್ಟು ಉದ್ದ ನೋಡಿ, ಹಲ್ಲು ಎಣಿಸಿ ಆಮೇಲೆ ಹಾಕ್ಬೇಕು ಅಂದ್ರು. ಆಯಿಲ್ ಸೋರದಂಗೆ ತಡೆಯೋ ರಬ್ಬರ್ ಸೀಲಿನ ತುಟಿ ಸಬ್ಬಲ್ ಏಟಿಗೆ ಕಟ್ ಆಗಿತ್ತು. ಗೇರ್ ಆಯಿಲ್ ಅವತ್ತು ಸುರಿದುಹೋಗಿದ್ದನ್ನ ವಾಪಸ್ ತುಂಬಿಸೇ ಇರ್ಲಿಲ್ಲ ಅನ್ಸುತ್ತೆ, ಡ್ರೈನ್ ಮಾಡಿದ್ರೆ ಒಂದು ಲೋಟದಷ್ಟೂ ಬರ್ಲಿಲ್ಲ. ಗೇರ್‌ಬಾಕ್ಸ್ ಉಳಿದಿದ್ದೇ ಪುಣ್ಯ.

ನಟ್ ವಿಷಯಕ್ಕೆ ಅವ್ರಿಗೆ ಜಾಸ್ತಿ ಕೋಪ ಬಂತು. ಮೊದಲ್ನೇ ಗ್ಯಾರೇಜವ್ರು ಹಳೇ ನಟ್ಟನ್ನೇ ತಿರುಗಿ ಹಾಕಿದ್ರು, ಅದನ್ನ ಗುದ್ದಿ ಲಾಕೂ ಮಾಡಿರ್ಲಿಲ್ಲ. ಈ ನಟ್ ಬರೀ ಆಕ್ಸಲ್ ಹಿಡಿಯೋಕಲ್ಲ, ವೀಲ್ ಬೇರಿಂಗನ್ನ ಒತ್ತಿ ಹಿಡಿಯೋದೂ ಅದೇ, ಹಂಗಾಗಿ ಚಿಕ್ಕ ಕಾರಲ್ಲೂ ವೀಲ್ ನಟ್‌ಗಿಂತ ಹೆಚ್ಚುಕಮ್ಮಿ ಎರಡರಷ್ಟು ಬಿಗಿ ಬೇಕು, ಎಷ್ಟು ಅಂತ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನ್ಯೂಟನ್ ಮೀಟರ್ ಲೆಕ್ಕದಲ್ಲಿ ಇರುತ್ತೆ. ಗನ್ನಲ್ಲಿ ಅಂದಾಜಿಗೆ ಡರ್ರ್ ಅನ್ನಿಸಿದ್ರೆ ಸಾಲಲ್ಲ, ಎಷ್ಟು ಬಿಗಿ ಆಯ್ತು ಅಂತ ತೋರಿಸೋ ಟಾರ್ಕ್ ರೆಂಚ್ ಇಟ್ಟು ಒಬ್ರು ಬ್ರೇಕ್ ತುಳಿದಿರುವಾಗ ಬಿಗಿ ಮಾಡ್ಬೇಕು, ಬಿಗಿ ಮಾಡೋವರೆಗೂ ಗಾಡಿ ಉರುಳಿಸಬಾರ್ದು. ನಂದು ಸಡಿಲ ಇದ್ದಿದ್ದಕ್ಕೆ, ಜೊತೆಗೆ ಸುತ್ತಿಗೆ ಏಟಿಗೆ, ಬೇರಿಂಗ್ 60 ದಾಟಿದ್ರೆ ಹೂಂ ಅಂತ ಕೂಗ್ತಿತ್ತು, ನಾನು ಟೈರ್ ಸದ್ದು ಅಂದ್ಕೊಂಡಿದ್ದೆ.

ಲೆಕ್ಕ ಹೇಳ್ತೀನಿ: ಮೊದಲ್ನೇ ಗ್ಯಾರೇಜಿಗೆ 2,800, ಟೋಯಿಂಗ್ 2,500, ಹೊಸ ಶಾಫ್ಟು ಕೂಲಿ 4,600, ಸೀಲು ನಟ್ಟು ಗೇರ್ ಆಯಿಲ್ 1,400, ಬೇರಿಂಗ್ ಪ್ರೆಸ್ ಮಾಡಿ ಹಾಕಿದ್ದು 1,700, ಅಲೈನ್‌ಮೆಂಟ್ 400. ಮೊದಲ್ನೇ ಗ್ಯಾರೇಜಿಗೆ ಫೋನ್ ಮಾಡಿದ್ರೆ ‘ಸೆಕೆಂಡ್ಸ್‌ಗೆ ಗ್ಯಾರಂಟಿ ಇಲ್ಲ ಅಂತ ಹೇಳಿದ್ವಲ್ಲ ಸಾರ್’ ಅಂದ. ಹೇಳಿರ್ಲಿಲ್ಲ. ಬಿಲ್ ಕೂಡ ಕೊಟ್ಟಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ.

ಹೊಟ್ಟೆ ಉರಿಯೋ ವಿಷ್ಯ ಕೊನೇಲಿ. ನನ್ ಹಳೇ ಶಾಫ್ಟಿಗೆ ಚಕ್ರದ ಕಡೆ ಜಾಯಿಂಟ್ ಒಂದು ಬದಲಾಯಿಸಿದ್ರೆ ಸಾಕಾಗಿತ್ತಂತೆ, ಮಿಕ್ಕಿದ್ದು ಒರಿಜಿನಲ್, ಚೆನ್ನಾಗೇ ಇತ್ತು. ತಂದಿದೀಯಾ ಅಂತ ಮೇಸ್ತ್ರಿ ಕೇಳಿದ್ರು. ವಾಪಸ್ ಇಸ್ಕೊಂಡೇ ಇರ್ಲಿಲ್ಲ. ಮೊದಲ್ನೇ ಗ್ಯಾರೇಜಲ್ಲಿ ಕೇಳಿದ್ರೆ ಗುಜರಿಗೆ ಹೋಯ್ತು ಅಂದ್ರು. ಯಾರಿಗಾದ್ರೂ ತುಮಕೂರಲ್ಲಿ ಝೆನ್‌ಗೆ ಎಡಗಡೆ ‘ಸೆಕೆಂಡ್ಸ್ ಸೆಟ್ ಇದೆ ಸಾರ್’ ಅಂತ ತೋರಿಸಿದ್ರೆ ಚಕ್ರದ ಕಡೆ ತುದಿ ನೋಡಿ, ಅಣಬೆ ಥರ ಅರಳಿದ್ರೆ ಅದು ನಂದೇ.